ಪೊಟ್ಟಣ ವಾಪಸ್ ಹೋಯಿತು, ಅದರೊಳಗಿನ ಪದಾರ್ಥದ ಹೆಸರನ್ನು ಯಾರೂ ಹೇಳಲಿಲ್ಲ

ಹೊಸ್ತಿಲು:

ನಾವು ವರ್ಷದಿಂದ ಕೊಳ್ಳುತ್ತಿದ್ದ ಬಿಸ್ಕತ್ತನ್ನು ಮೂರು ದಿನಗಳ ಹಿಂದೆ ಕಂಪನಿ ಮಾರುಕಟ್ಟೆಯಿಂದ ವಾಪಸ್ ಪಡೆಯಿತು. ಪ್ರಕಟಣೆಯಲ್ಲಿ ಉತ್ಪನ್ನದ ಹೆಸರು, ಎರಡು ಬ್ಯಾಚ್ ಸಂಖ್ಯೆಗಳು, ಅವುಗಳ ಕೆಳಗೆ ಒಂದೇ ವಾಕ್ಯ: "ಬಳಸಲಾದ ಒಂದು ಪದಾರ್ಥದಲ್ಲಿ ಅನುಮತಿ ಇಲ್ಲದ ರಾಸಾಯನಿಕ ಕಂಡುಬಂದಿರುವುದರಿಂದ ಮುನ್ನೆಚ್ಚರಿಕೆಯಾಗಿ ಈ ಕ್ರಮ." ಯಾವ ಪದಾರ್ಥ, ಯಾವ ರಾಸಾಯನಿಕ, ಎಷ್ಟು ಪ್ರಮಾಣ, ಒಂದನ್ನೂ ಹೇಳಿಲ್ಲ.

ಪೊಟ್ಟಣ ಒಡೆದ ದಿನವೇ ಬಿಸ್ಕತ್ತನ್ನು ಡಬ್ಬಿಗೆ ಸುರಿದು ಹೊದಿಕೆಯನ್ನು ಕಸಕ್ಕೆ ಹಾಕುವುದು ನನ್ನ ರೂಢಿ. ಬ್ಯಾಚ್ ಸಂಖ್ಯೆ ಹೊದಿಕೆಯ ಜೊತೆಗೇ ಹೋಯಿತು. ಡಬ್ಬಿಯ ಮುಚ್ಚಳ ತೆಗೆದು ನೋಡಿದರೆ ತಳದಲ್ಲಿ ಏಳು ಬಿಸ್ಕತ್ತು, ಒಂದಿಷ್ಟು ಪುಡಿ. ಮಿಕ್ಕದ್ದನ್ನೆಲ್ಲ ನನ್ನ ಮಗಳು ತಿಂದಿದ್ದಾಳೆ. ಅವಳಿಗೆ ನಾಲ್ಕು ವರ್ಷ.

ಏಳನ್ನೂ ಎಸೆದ ಮೇಲೆ ಇನ್ನೊಂದು ಯೋಚನೆ ಕಾಡಲು ಶುರುವಾಯಿತು. ಆ ಪದಾರ್ಥವನ್ನು ಈ ಕಂಪನಿ ತಾನೇ ಬೆಳೆದದ್ದಲ್ಲ, ಯಾರಿಂದಲೋ ಕೊಂಡದ್ದು. ಮಾರಿದವರು ಇನ್ನೂ ಎಷ್ಟು ಜನರಿಗೆ ಮಾರಿದ್ದಾರೆ? ನನ್ನ ಕಪಾಟಿನ ಬೇರೆ ಪೊಟ್ಟಣಗಳಲ್ಲಿ ಅದು ಇಲ್ಲವೆಂದು ನನಗೆ ಯಾರು ಹೇಳಬೇಕು? ಒಳಗಿನ ವ್ಯವಹಾರ ಬಲ್ಲವರು ದಯವಿಟ್ಟು ಬಿಡಿಸಿ ಹೇಳಿ.

ಉಗ್ರಾಣ:

ಆಹಾರ ಕಾರ್ಖಾನೆಯೊಂದರ ಗುಣಮಟ್ಟ ವಿಭಾಗದಲ್ಲಿ ಹದಿನಾಲ್ಕು ವರ್ಷಗಳಿಂದ ಕೆಲಸ ಮಾಡುತ್ತಿದ್ದೇನೆ. ನೀವು ಕೇಳಿದ್ದು ಸರಿಯಾದ ಪ್ರಶ್ನೆ, ಮತ್ತು ಬಹಳ ಸಲ ಅದಕ್ಕೆ ಒಳಗಿದ್ದವರ ಬಳಿಯೂ ತಕ್ಷಣಕ್ಕೆ ಉತ್ತರ ಇರುವುದಿಲ್ಲ.

ನಿಮಗೆ ಕಾಣುವುದು ಅಂಗಡಿಯ ಕಪಾಟು. ನಮ್ಮ ಪಾಲಿಗೆ ಕೆಲಸ ಶುರುವಾಗುವುದು ಉಗ್ರಾಣದ ಚೀಲದಿಂದ. ಒಂದು ಚೀಲ ಬಂದರೆ ಅದರ ಮೇಲೆ ಪೂರೈಕೆದಾರರ ಲಾಟ್ ಸಂಖ್ಯೆ ಇರುತ್ತದೆ. ಅದರ ಪಕ್ಕದಲ್ಲಿ ನಮ್ಮದೊಂದು ಸಂಖ್ಯೆ ಅಂಟಿಸುತ್ತೇವೆ. ಚೀಲದ ಅರ್ಧ ಬೆಳಗಿನ ಪಾಳಿಗೆ ಹೋಗುತ್ತದೆ, ಕಾಲು ಭಾಗ ರಾತ್ರಿ ಪಾಳಿಗೆ, ಉಳಿದದ್ದು ಇನ್ನೊಂದು ಉತ್ಪನ್ನದ ಮಿಶ್ರಣಕ್ಕೆ. ಇಷ್ಟಾದರೆ ಪರವಾಗಿಲ್ಲ. ಮುರಿದ ಬಿಸ್ಕತ್ತನ್ನು ಪುಡಿ ಮಾಡಿ ಮರುದಿನದ ಹಿಟ್ಟಿಗೆ ಸೇರಿಸುವ ಕ್ರಮವೂ ಇದೆ. ಅದು ತಪ್ಪಲ್ಲ, ಎಲ್ಲೆಡೆ ಒಪ್ಪಿತವಾದದ್ದು. ಆದರೆ ಆ ಪುಡಿ ಯಾವ ದಿನದ್ದು, ಯಾವ ಘಾಣಕ್ಕೆ ಬಿತ್ತು ಎಂಬುದನ್ನು ಒಂದು ರಾತ್ರಿ ಯಾರಾದರೂ ಬರೆಯದೆ ಬಿಟ್ಟರೆ ಎರಡು ಬ್ಯಾಚ್‌ನಲ್ಲಿ ಮುಗಿಯಬೇಕಾದದ್ದು ವಾರದ ಉತ್ಪಾದನೆಯನ್ನೆಲ್ಲ ಎಳೆದುಕೊಂಡು ಬರುತ್ತದೆ. ಒಮ್ಮೆ ಅಂಥ ಪುಟವೊಂದರ ಮುಂದೆ ಕುಳಿತು ಬೆಳಗಿನ ಜಾವ ನಾಲ್ಕರವರೆಗೆ ಒಂದು ಖಾಲಿ ಕಾಲಮ್ಮನ್ನು ನೋಡಿದ್ದೇನೆ.

ಒಂದು ಪದಾರ್ಥ ಎಷ್ಟು ದೂರ ಹರಡುತ್ತದೆ ಎನ್ನುವುದಕ್ಕೆ ನಮ್ಮವರೆಲ್ಲ ಹೇಳುವ ಉದಾಹರಣೆ ಬ್ರಿಟನ್ನಿನ 2005ರ ಸುಡಾನ್ ಪ್ರಕರಣ. ಸುಡಾನ್ 1 ಎಂಬುದು ಮೇಣ, ಎಣ್ಣೆ, ಪಾಲಿಶ್‌ಗಳಿಗೆ ಕೆಂಪು ಬಣ್ಣ ಕೊಡಲು ಬಳಸುವ ಕೈಗಾರಿಕಾ ಬಣ್ಣ. ಅದು ಬೆರೆತ ಮೆಣಸಿನ ಪುಡಿ ಒಂದು ವೂಸ್ಟರ್ ಸಾಸ್‌ಗೆ ಸೇರಿತು. ಆ ಸಾಸ್ ತಾನೇ ಬೇರೆ ಅಡುಗೆಗಳಿಗೆ ಪದಾರ್ಥವಾಯಿತು: ಸಿದ್ಧ ಊಟ, ಸೂಪ್, ಸಲಾಡ್ ಮೇಲಿನ ಸಾಸ್. ಕೊನೆಗೆ 400ಕ್ಕೂ ಹೆಚ್ಚು ಉತ್ಪನ್ನಗಳನ್ನು ಹಿಂದಕ್ಕೆ ಪಡೆಯಬೇಕಾಯಿತು. ಇವುಗಳನ್ನು ಕೊಂಡವರಲ್ಲಿ ಎಷ್ಟೋ ಮಂದಿಗೆ ತಾವು ಮೆಣಸಿನ ಪುಡಿ ತಿನ್ನುತ್ತಿದ್ದೇವೆಂದೇ ಗೊತ್ತಿರಲಿಲ್ಲ. ಅದನ್ನು ಮೊದಲು ಕಂಡುಹಿಡಿದದ್ದು ಬ್ರಿಟನ್ ಅಲ್ಲ, ಆ ಸಾಸ್ ರಫ್ತಾಗಿದ್ದ ಇಟಲಿ.

ಇನ್ನು ನಿಮ್ಮ ಎರಡನೆಯ ಪ್ರಶ್ನೆ. ಯುರೋಪಿನ 178/2002 ನಿಯಮದಂತಹ ಕಾನೂನುಗಳು ಕಂಪನಿಗಳಿಂದ ಕೇಳುವುದು ಒಂದು ಹೆಜ್ಜೆ ಹಿಂದೆ, ಒಂದು ಹೆಜ್ಜೆ ಮುಂದೆ. ಯಾರಿಂದ ಕೊಂಡಿರಿ, ಯಾರಿಗೆ ಮಾರಿದಿರಿ, ಅಷ್ಟೇ. ಸರಪಳಿಯ ಒಂದೊಂದು ಕೊಂಡಿಗೆ ತನ್ನ ಅಕ್ಕಪಕ್ಕದ ಕೊಂಡಿ ಗೊತ್ತು. ಇಡೀ ಸರಪಳಿ ಯಾರೊಬ್ಬರ ಕೈಯಲ್ಲೂ ಇರುವುದಿಲ್ಲ.

ತಕ್ಕಡಿ:

ಹೊಸ್ತಿಲು ಅವರ ಆತಂಕ ಅರ್ಥವಾಗುತ್ತದೆ. ಆದರೂ ಒಂದು ಮಾತು ಹೇಳಲೇಬೇಕು. ವಾಪಸ್ ಪಡೆದದ್ದೆಲ್ಲ ವಿಷವಲ್ಲ.

ಎಳ್ಳಿನ ಪ್ರಕರಣ ನೋಡಿ. 2020ರ ಸೆಪ್ಟೆಂಬರ್‌ನಲ್ಲಿ ಭಾರತದಿಂದ ಹೋಗಿದ್ದ ಎಳ್ಳಿನಲ್ಲಿ ಎಥಿಲೀನ್ ಆಕ್ಸೈಡ್ ಎಂಬ ರೋಗಾಣುನಾಶಕ ಅನಿಲದ ಉಳಿಕೆ ಇದೆಯೆಂದು ಬೆಲ್ಜಿಯಂ ಎಚ್ಚರಿಸಿತು. ಬ್ರೆಡ್ಡು, ಬಿಸ್ಕತ್ತು, ಸಾಸ್‌ಗಳೆಲ್ಲ ಯುರೋಪಿನ ಅಂಗಡಿಗಳಿಂದ ಹೊರಬಿದ್ದವು. ಅಲ್ಲಿ ಎಳ್ಳಿಗೆ ಮಿತಿ ಕಿಲೋಗೆ 0.05 ಮಿಲಿಗ್ರಾಂ. ಅದೇ ಅಮೆರಿಕದಲ್ಲಿ ಅದೇ ಅನಿಲವನ್ನು ಸಾಂಬಾರ ಪದಾರ್ಥಗಳಿಗೂ ಎಳ್ಳಿಗೂ ಬಳಸಲು ಅನುಮತಿ ಇದೆ, ಉಳಿಕೆಯ ಮಿತಿ ಕಿಲೋಗೆ 7 ಮಿಲಿಗ್ರಾಂ. ನೂರ ನಲವತ್ತು ಪಟ್ಟು! ಮನುಷ್ಯರ ದೇಹ ಸಮುದ್ರದ ಎರಡು ದಡಗಳಲ್ಲಿ ಬೇರೆ ಬೇರೆ ಇರುತ್ತದೆಯೇ? ಆ ಅನಿಲವನ್ನು ಹಾಯಿಸುವುದೂ ಸುಮ್ಮನೆ ಅಲ್ಲ, ಸಾಲ್ಮೊನೆಲ್ಲಾದಂತಹ ರೋಗಾಣುಗಳನ್ನು ಕೊಲ್ಲುವುದಕ್ಕೆ.

2021ರಲ್ಲಿ ಇನ್ನೂ ಮುಂದೆ ಹೋದರು. ಐಸ್‌ಕ್ರೀಮ್ ಗಟ್ಟಿಯಾಗಿ ನಿಲ್ಲಲು ಹಾಕುವ ಲೋಕಸ್ಟ್ ಬೀನ್ ಗಮ್‌ನಲ್ಲಿ ಅದೇ ರಾಸಾಯನಿಕ ಸಿಕ್ಕಿತು. ಐಸ್‌ಕ್ರೀಮ್‌ನಲ್ಲಿ ಆ ಗಮ್ ನೂರರಲ್ಲಿ ಒಂದು ಭಾಗವೂ ಇರುವುದಿಲ್ಲ. ಐಸ್‌ಕ್ರೀಮ್ ಪರೀಕ್ಷಿಸಿದರೆ ಏನೂ ಸಿಗದಿದ್ದರೂ ಸರಿ, ಕಲುಷಿತ ಗಮ್ ಬಳಸಿದ್ದರೆ ಎಲ್ಲವನ್ನೂ ಹಿಂದಕ್ಕೆ ಪಡೆಯಿರಿ ಎಂದು ಅಲ್ಲಿನ ದೇಶಗಳು ತೀರ್ಮಾನಿಸಿದವು. ಇಷ್ಟೊಂದು ಆಹಾರವನ್ನು ಮಣ್ಣುಪಾಲು ಮಾಡುವುದಕ್ಕೆ ನನ್ನ ಮನಸ್ಸು ಒಪ್ಪುವುದಿಲ್ಲ.

ಗಾಜಿನ ಕೊಳವೆ:

ತಕ್ಕಡಿ ಅವರೇ, ಅಂಕಿಗಳು ಸರಿಯಾಗಿವೆ. ಆದರೆ ತೂಗುವ ಕ್ರಮದಲ್ಲಿ ಒಂದು ತೊಡಕಿದೆ. ನಾನು ಆಹಾರ ಪರೀಕ್ಷಾ ಪ್ರಯೋಗಾಲಯದಲ್ಲಿ ಇದ್ದೇನೆ, ಈ ಪರೀಕ್ಷೆಯನ್ನು ಸ್ವತಃ ಮಾಡುತ್ತೇನೆ.

ಎಥಿಲೀನ್ ಆಕ್ಸೈಡ್ ಸುಮಾರು 11 ಡಿಗ್ರಿ ಸೆಲ್ಸಿಯಸ್‌ಗೇ ಕುದಿದು ಅನಿಲವಾಗುವ ವಸ್ತು. ಅದು ಎಳ್ಳಿನಲ್ಲಿ ಹಾಗೆಯೇ ಕುಳಿತಿರುವುದಿಲ್ಲ, ಅಲ್ಲಿನ ಕ್ಲೋರೈಡ್ ಜೊತೆ ಸೇರಿ 2-ಕ್ಲೋರೋಎಥನಾಲ್ ಆಗುತ್ತದೆ. ಯುರೋಪಿನ 0.05 ಎಂಬ ಮಿತಿ ಇವೆರಡನ್ನೂ ಕೂಡಿಸಿದ ಲೆಕ್ಕ. ಅಮೆರಿಕದ 7 ಮೊದಲನೆಯದಕ್ಕೆ ಮಾತ್ರ, ಎರಡನೆಯದಕ್ಕೆ ಅಲ್ಲಿ 940ರ ಪ್ರತ್ಯೇಕ ಮಿತಿಯಿದೆ. ಆದ್ದರಿಂದ ನೂರ ನಲವತ್ತು ಪಟ್ಟು ಎಂಬುದು ಒಂದೇ ವಸ್ತುವಿನ ಹೋಲಿಕೆ ಅಲ್ಲ. ಎರಡೂ ಕಡೆಯ ನಿಯಮಗಳ ನಡುವೆ ದೊಡ್ಡ ಅಂತರವಿದೆ ಎಂಬ ನಿಮ್ಮ ಮಾತು ಮಾತ್ರ ನಿಜ.

2020ರಲ್ಲಿ ಕೆಲವು ಮಾದರಿಗಳಲ್ಲಿ ಸಿಕ್ಕಿದ್ದು ಆ 0.05ರ ಸಾವಿರ ಪಟ್ಟಿಗೂ ಹೆಚ್ಚು. ಅದನ್ನು ಕೂದಲೆಳೆಯ ಉಲ್ಲಂಘನೆ ಎನ್ನಲಾಗದು. ಎಥಿಲೀನ್ ಆಕ್ಸೈಡ್ ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿನಲ್ಲಿದೆ, ಡಿಎನ್‌ಎಯ ಮೇಲೇ ನೇರವಾಗಿ ಕೈ ಹಾಕುವಂಥದ್ದು. ಇಂಥವುಗಳಿಗೆ "ಇಷ್ಟರವರೆಗೆ ನಿರಪಾಯ" ಎಂಬ ಗೆರೆ ಎಳೆಯುವುದು ಕಷ್ಟ. ಐಸ್‌ಕ್ರೀಮ್ ತೀರ್ಮಾನದ ಹಿಂದೆ ಇದ್ದ ತರ್ಕ ಇದು. ಅದಕ್ಕಿಂತ ಮುಖ್ಯವಾಗಿ, ದುರ್ಬಲಗೊಳಿಸಿದರೆ ಮಾಫಿ ಎಂದು ಒಮ್ಮೆ ಒಪ್ಪಿದರೆ ಕೆಟ್ಟ ಪದಾರ್ಥವನ್ನು ಒಳ್ಳೆಯದರಲ್ಲಿ ಬೆರೆಸಿ ತೆಳುವಾಗಿಸುವುದೇ ವ್ಯಾಪಾರವಾಗುತ್ತದೆ.

ಪ್ರಯೋಗಾಲಯದ ಹೊರಗಿನವರಿಗೆ ತಿಳಿಯದ ಇನ್ನೊಂದು ವಿಷಯ: ಪರೀಕ್ಷೆ ಎಂದರೆ ದೀಪ ಹಚ್ಚಿ ಇಡೀ ಕೋಣೆ ನೋಡುವುದಲ್ಲ, ಕತ್ತಲೆಯಲ್ಲಿ ಕೇಳಿದ ಜಾಗಕ್ಕೆ ಮಾತ್ರ ಟಾರ್ಚ್ ಬಿಡುವುದು. ಪ್ರಮಾಣಪತ್ರದಲ್ಲಿ ಹನ್ನೆರಡು ಸಾಲುಗಳ ಎದುರು "ಪತ್ತೆಯಾಗಿಲ್ಲ" ಎಂದಿದ್ದರೆ ಆ ಹನ್ನೆರಡು ಪತ್ತೆಯಾಗಿಲ್ಲ ಎಂದಷ್ಟೇ ಅರ್ಥ. ಹದಿಮೂರನೆಯದನ್ನು ಯಾರೂ ಹುಡುಕಿಲ್ಲ.

ಚೀನಾದ 2008ರ ಹಾಲಿನ ಪುಡಿಯ ದುರಂತ ನಡೆದದ್ದು ಈ ಕತ್ತಲೆಯಲ್ಲೇ. ಹಾಲಿನಲ್ಲಿ ಪ್ರೋಟೀನ್ ಎಷ್ಟಿದೆ ಎಂದು ನೋಡಲು ಪ್ರೋಟೀನನ್ನೇ ಅಳೆಯುವುದಿಲ್ಲ, ಪ್ರೋಟೀನಿನಲ್ಲಿರುವ ಸಾರಜನಕವನ್ನು ಅಳೆದು ಒಂದು ಅಂಕಿಯಿಂದ ಗುಣಿಸುತ್ತಾರೆ. ಸಾಮಾನ್ಯ ಗುಣಕ 6.25. ಪ್ಲಾಸ್ಟಿಕ್ ತಯಾರಿಕೆಯ ಮೆಲಮೈನ್‌ನ ತೂಕದಲ್ಲಿ ಮೂರನೆಯ ಎರಡು ಪಾಲು ಸಾರಜನಕವೇ. ನೀರು ಬೆರೆಸಿದ ಹಾಲಿಗೆ ಒಂದು ಗ್ರಾಂ ಮೆಲಮೈನ್ ಹಾಕಿದರೆ ನಮ್ಮ ಉಪಕರಣ ಅದನ್ನು ನಾಲ್ಕು ಗ್ರಾಂಗೂ ಹೆಚ್ಚು ಪ್ರೋಟೀನ್ ಎಂದು ಓದುತ್ತದೆ. ಹಾಲು ಪರೀಕ್ಷೆಯಲ್ಲಿ ಪಾಸಾಯಿತು. ಸುಮಾರು ಮೂರು ಲಕ್ಷ ಮಕ್ಕಳು ಕಾಯಿಲೆ ಬಿದ್ದರು, ಎಷ್ಟೋ ಹಸುಗೂಸುಗಳ ಮೂತ್ರಪಿಂಡಗಳಲ್ಲಿ ಕಲ್ಲುಗಳಾದವು, ಆರು ಮಕ್ಕಳು ತೀರಿಕೊಂಡರು. ಸರಿಯಾಗಿ ಮಾಡಿದ ಪರೀಕ್ಷೆಯೇ ಸುಳ್ಳು ಹೇಳಿದ ಈ ಪ್ರಕರಣವನ್ನು ನಮ್ಮಲ್ಲಿ ಕೆಲಸಕ್ಕೆ ಸೇರುವ ಪ್ರತಿ ಹೊಸಬರಿಗೂ ನಾನು ಮೊದಲ ವಾರದಲ್ಲೇ ಹೇಳುತ್ತೇನೆ.

ಹಳೆಯ ಕಡತ:

ಗಾಜಿನ ಕೊಳವೆ ಅವರು ಹೇಳಿದ ಮೆಲಮೈನ್‌ಗೆ ಒಂದು ವರ್ಷ ಮೊದಲೇ ಸೂಚನೆ ಸಿಕ್ಕಿತ್ತು. 2007ರ ಮಾರ್ಚ್‌ನಲ್ಲಿ ಉತ್ತರ ಅಮೆರಿಕದಲ್ಲಿ ಬೆಕ್ಕು ನಾಯಿಗಳ ಮೂತ್ರಪಿಂಡ ಕೆಡತೊಡಗಿದಾಗ ಆರು ಕೋಟಿ ಡಬ್ಬಿ ಮತ್ತು ಪೊಟ್ಟಣಗಳ ಸಾಕುಪ್ರಾಣಿ ಆಹಾರವನ್ನು ಹಿಂದಕ್ಕೆ ಪಡೆದಿದ್ದರು. ಕಾರಣ ಚೀನಾದಿಂದ ಬಂದ ಗ್ಲುಟೆನ್ ಎಂಬ ಗೋಧಿಯ ಪ್ರೋಟೀನ್ ಪುಡಿ, ಅದರೊಳಗೆ ಇದೇ ಮೆಲಮೈನ್, ಇದೇ ಪ್ರೋಟೀನ್ ಮೋಸ.

ಈ ವಿಷಯದ ಹಳೆಯ ವರದಿಗಳನ್ನು ಓದುತ್ತಾ ಹೋದರೆ ಮತ್ತೆ ಮತ್ತೆ ಎದುರಾಗುವುದು ಇದೇ. ಪ್ರಾಣಿಗಳು ಮೊದಲು ಹೇಳುತ್ತವೆ, ನಾವು ಕೇಳಿಸಿಕೊಳ್ಳುವುದಿಲ್ಲ.

1968ರ ಫೆಬ್ರವರಿಯಲ್ಲಿ ಜಪಾನಿನ ಪಶ್ಚಿಮ ಭಾಗದಲ್ಲಿ ಲಕ್ಷಾಂತರ ಕೋಳಿಗಳು ಸತ್ತವು. ಅವುಗಳ ಮೇವಿನಲ್ಲಿ ಅಕ್ಕಿ ತೌಡಿನ ಎಣ್ಣೆ ತಯಾರಿಕೆಯ ಉಪ ಉತ್ಪನ್ನವಿತ್ತು. ಅದೇ ಕಾರ್ಖಾನೆಯ ಎಣ್ಣೆಯನ್ನು ಮನುಷ್ಯರೂ ಅಡುಗೆಗೆ ಬಳಸುತ್ತಿದ್ದರು. ಮೇವು ನಿಂತಿತು, ಎಣ್ಣೆ ನಿಲ್ಲಲಿಲ್ಲ. ಜನರ ಮೈಮೇಲೆ ಕಪ್ಪು ಮೊಡವೆಗಳೆದ್ದು ಕಣ್ಣಿನಿಂದ ಕೀವು ಸುರಿಯುವ ಸುದ್ದಿ ಪತ್ರಿಕೆಗಳಲ್ಲಿ ಬಂದದ್ದು ಅಕ್ಟೋಬರ್‌ನಲ್ಲಿ. ಎಣ್ಣೆಯ ವಾಸನೆ ತೆಗೆಯಲು ಕಾಯಿಸುವ ಕೊಳವೆಯೊಳಗೆ ಪಿಸಿಬಿ ಎಂಬ ರಾಸಾಯನಿಕ ಹರಿಯುತ್ತಿತ್ತು, ಅದು ಸೋರಿ ಎಣ್ಣೆಗೆ ಸೇರಿತ್ತು. ಆ ಎಂಟು ತಿಂಗಳನ್ನು ನೆನೆದರೆ ನನಗೆ ಈಗಲೂ ಸಂಕಟವಾಗುತ್ತದೆ.

1999ರ ಬೆಲ್ಜಿಯಂನಲ್ಲೂ ಹಾಗೆಯೇ. ಜನವರಿಯಲ್ಲಿ ಮರುಬಳಕೆಯ ಕೊಬ್ಬಿನ ಜೊತೆ ಟ್ರಾನ್ಸ್‌ಫಾರ್ಮರ್ ಎಣ್ಣೆ ಬೆರೆತು ಕೋಳಿ ಮೇವಿಗೆ ಹೋಯಿತು. ಮೊಟ್ಟೆಗಳು ಮರಿಯಾಗದೆ ಉಳಿದವು. ಸಾರ್ವಜನಿಕರಿಗೆ ತಿಳಿದದ್ದು ಮೇ ತಿಂಗಳ ಕೊನೆಯಲ್ಲಿ. ಇಬ್ಬರು ಸಚಿವರು ರಾಜೀನಾಮೆ ಕೊಟ್ಟರು, ಜೂನ್ ಚುನಾವಣೆಯಲ್ಲಿ ಸರ್ಕಾರವೇ ಸೋತಿತು.

ಅಮೆರಿಕದ ಮಿಷಿಗನ್‌ನಲ್ಲಿ 1973ರಲ್ಲಿ ನಡೆದದ್ದಕ್ಕೆ ಮೋಸವೂ ಕಾರಣವಲ್ಲ, ಸೋರಿಕೆಯೂ ಕಾರಣವಲ್ಲ. ಒಂದೇ ಕಾರ್ಖಾನೆ ಎರಡು ಪುಡಿಗಳನ್ನು ಮಾಡುತ್ತಿತ್ತು. ನ್ಯೂಟ್ರಿಮಾಸ್ಟರ್ ಹಸುಗಳ ಮೇವಿಗೆ ಸೇರಿಸುವ ಮೆಗ್ನೀಷಿಯಂ ಆಕ್ಸೈಡ್. ಫೈರ್‌ಮಾಸ್ಟರ್ ಬೆಂಕಿ ಹತ್ತದಂತೆ ಪ್ಲಾಸ್ಟಿಕ್‌ಗೆ ಹಾಕುವ ಪಿಬಿಬಿ. ಹೆಸರುಗಳು ಅವಳಿಗಳಂತಿದ್ದವು. ಚೀಲಗಳು ಅದಲುಬದಲಾದವು. ಹಸುಗಳು ಹಾಲು ಕಡಿಮೆ ಮಾಡಿದಾಗ ಒಬ್ಬ ಹೈನುಗಾರ ಬಿಡದೆ ಬೆನ್ನುಹತ್ತಿ ಹುಡುಕಿಸಿದ್ದರಿಂದ 1974ರಲ್ಲಿ ಕಾರಣ ತಿಳಿಯಿತು. ಅಷ್ಟರಲ್ಲಿ ರಾಜ್ಯದ ಜನ ತಿಂಗಳುಗಟ್ಟಲೆ ಆ ಹಾಲು ಕುಡಿದಿದ್ದರು. ಸುಮಾರು 30,000 ದನಗಳನ್ನೂ 15 ಲಕ್ಷ ಕೋಳಿಗಳನ್ನೂ ಕೊಂದು ಹೂಳಬೇಕಾಯಿತು.

ದಾದಿ:

ನಾನು ಮಕ್ಕಳ ವಾರ್ಡಿನಲ್ಲಿ ಕೆಲಸ ಮಾಡುವವಳು. ಪ್ರಾಣಿಗಳು ಮೊದಲು ಹೇಳುತ್ತವೆ ಎಂದು ಓದಿದೆ. ಕೆಲವೊಮ್ಮೆ ಮಕ್ಕಳ ರಕ್ತ ಹೇಳಬೇಕಾಗುತ್ತದೆ.

2023ರಲ್ಲಿ ಅಮೆರಿಕದ ಉತ್ತರ ಕೆರೊಲಿನಾದಲ್ಲಿ ನಾಲ್ಕು ಮಕ್ಕಳ ರಕ್ತದಲ್ಲಿ ಸೀಸ ಹೆಚ್ಚಾಗಿತ್ತು. ಗೋಡೆಯ ಬಣ್ಣ, ನೀರಿನ ಕೊಳಾಯಿ, ಮಣ್ಣು, ಎಲ್ಲವನ್ನೂ ನೋಡುವುದು ವಾಡಿಕೆ. ತನಿಖೆ ಮಾಡಿದವರು ಕೊನೆಗೆ ತಲುಪಿದ್ದು ಮಕ್ಕಳು ಚೀಪಿ ತಿನ್ನುವ ಸೇಬು ಮತ್ತು ದಾಲ್ಚಿನ್ನಿಯ ಪೊಟ್ಟಣಕ್ಕೆ. ಸೇಬಿನಲ್ಲಿ ತಪ್ಪಿರಲಿಲ್ಲ. ಈಕ್ವೆಡಾರ್‌ನಲ್ಲಿ ಅದಕ್ಕೆ ಸೇರಿಸಿದ್ದ ದಾಲ್ಚಿನ್ನಿ ಪುಡಿಯಲ್ಲಿ ಕಿಲೋಗೆ 5,110 ಮಿಲಿಗ್ರಾಂವರೆಗೆ ಸೀಸ ಸಿಕ್ಕಿತು. ಇಂಥ ಸಾಂಬಾರ ತೊಗಟೆಗಳಿಗೆ ಅಂತಾರಾಷ್ಟ್ರೀಯ ಮಟ್ಟದಲ್ಲಿ ಚರ್ಚೆಯಲ್ಲಿದ್ದ ಮಿತಿ 2.5. ಜೊತೆಗೆ ಕ್ರೋಮಿಯಂ ಕೂಡ ಸಿಕ್ಕಿದ್ದರಿಂದ ಅದು ಸೀಸದ ಕ್ರೋಮೇಟ್, ಅಂದರೆ ಬಣ್ಣ ಕಟ್ಟಲು ಹಾಕುವ ಹಳದಿ ವರ್ಣದ್ರವ್ಯ ಇರಬೇಕೆಂದು ಅಧಿಕಾರಿಗಳು ತೀರ್ಮಾನಿಸಿದರು. 500ಕ್ಕೂ ಹೆಚ್ಚು ಪ್ರಕರಣಗಳು ದಾಖಲಾದವು. ಹೊಸ್ತಿಲು ಅವರು ಕೇಳಿದ್ದಕ್ಕೆ ಇದು ನೇರ ಉದಾಹರಣೆ: ಅಕ್ಟೋಬರ್ ಕೊನೆಯಲ್ಲಿ ಒಂದು ಬ್ರ್ಯಾಂಡ್ ವಾಪಸಾಯಿತು, ಅದೇ ತಯಾರಕರು ಮಾಡಿಕೊಡುತ್ತಿದ್ದ ಇನ್ನೆರಡು ಅಂಗಡಿ ಬ್ರ್ಯಾಂಡ್‌ಗಳ ಹೆಸರು ಸೇರಿದ್ದು ನವೆಂಬರ್‌ನಲ್ಲಿ.

ಕುದಿಸಿದರೆ ಹೋಗುತ್ತದೆಯೇ ಎಂದು ತಾಯಂದಿರು ಕೇಳುತ್ತಾರೆ. ರೋಗಾಣು ಸಾಯುತ್ತದೆ, ಸೀಸ ಸಾಯುವುದಿಲ್ಲ. ಬಹಳ ಸಲ ಮಗುವಿಗೆ ಜ್ವರವೂ ಬರುವುದಿಲ್ಲ, ವಾಂತಿಯೂ ಆಗುವುದಿಲ್ಲ. ಕಲಿಕೆ ನಿಧಾನವಾಗುತ್ತದೆ, ಅದನ್ನು ಯಾರೂ ಪೊಟ್ಟಣದ ತಲೆಗೆ ಕಟ್ಟುವುದಿಲ್ಲ.

ತಕ್ಕಡಿ:

ದಾದಿ ಅವರೇ, ಸೀಸದ ವಿಷಯದಲ್ಲಿ ನಾನು ಒಂದು ಮಾತೂ ಎದುರಾಡುವುದಿಲ್ಲ. ಕ್ಲೋರೋಎಥನಾಲ್ ಲೆಕ್ಕದಲ್ಲಿ ನನ್ನ ಹೋಲಿಕೆ ತಪ್ಪಿದ್ದನ್ನೂ ಒಪ್ಪುತ್ತೇನೆ. ಆದರೆ ಪ್ರಕಟಣೆ ಓದುವವರಿಗೆ ಈ ಎರಡರ ನಡುವಿನ ವ್ಯತ್ಯಾಸವೇ ಕಾಣುವುದಿಲ್ಲವಲ್ಲ? ಎರಡಕ್ಕೂ "ಮುನ್ನೆಚ್ಚರಿಕೆಯಾಗಿ" ಎಂದೇ ಬರೆಯುತ್ತಾರೆ. ಇಂದೇ ಮಗುವನ್ನು ವೈದ್ಯರ ಬಳಿ ಕರೆದೊಯ್ಯಬೇಕಾದದ್ದು ಯಾವುದು, ಎಸೆದು ಸುಮ್ಮನಿರಬಹುದಾದದ್ದು ಯಾವುದು ಎಂದು ತಿಳಿಯದೆ ಜನ ಒಂದೋ ಎಲ್ಲಕ್ಕೂ ಹೆದರುತ್ತಾರೆ, ಇಲ್ಲವೇ ಯಾವುದಕ್ಕೂ ಹೆದರುವುದಿಲ್ಲ.

ಹೊಸ್ತಿಲು:

ತಕ್ಕಡಿ ಅವರೇ, ನೀವು ಹೇಳಿದ ಈ ಕೊನೆಯ ಮಾತೇ ನನ್ನದೂ. ಹೆಸರು ಹೇಳದಿರುವುದರಿಂದಲೇ ಭಯ ಬೆಳೆಯುತ್ತದೆ.

ಸಣ್ಣ ಒಲೆ:

ಸಣ್ಣ ಉತ್ಪಾದಕನ ಕಡೆಯದನ್ನೂ ಕೇಳಿ. ನಾವು ಆರು ಜನ ಸೇರಿ ತಿಂಡಿ ಮಾಡಿ ಮಾರುತ್ತೇವೆ. ಎರಡು ವರ್ಷದ ಹಿಂದೆ ಒಬ್ಬ ಪೂರೈಕೆದಾರರ ಪುಡಿಯಿಂದಾಗಿ ಮೂರು ವಾರದ ಸರಕನ್ನು ಹಿಂದಕ್ಕೆ ತರಿಸಬೇಕಾಯಿತು. ಪ್ರಕಟಣೆಯಲ್ಲಿ ನಮ್ಮ ಹೆಸರಿತ್ತು, ನಮ್ಮ ಪೊಟ್ಟಣದ ಚಿತ್ರವಿತ್ತು. ಪುಡಿ ಕೊಟ್ಟವರ ಹೆಸರು ಎಲ್ಲೂ ಇರಲಿಲ್ಲ. ಅವರ ಪ್ರಮಾಣಪತ್ರ ನನ್ನ ಕಡತದಲ್ಲಿ ಈಗಲೂ ಇದೆ, ಪ್ರತಿ ಸಾಲಿನ ಎದುರೂ ಸರಿ ಗುರುತು. ಸಿಕ್ಕಿದ ರಾಸಾಯನಿಕ ಆ ಪಟ್ಟಿಯಲ್ಲೇ ಇರಲಿಲ್ಲ. ಈಗ ವರ್ಷಕ್ಕೆರಡು ಸಲ ನಾವೇ ಹಣ ಕೊಟ್ಟು ಪರೀಕ್ಷಿಸುತ್ತೇವೆ, ಪ್ರತಿ ಲಾಟ್‌ಗೂ ಮಾಡಿಸಲು ನಮ್ಮಿಂದಾಗದು.

ಅದೇ ಪುಡಿ ಕೊಂಡಿದ್ದ ಇನ್ನೊಬ್ಬರು ನನಗೆ ಗೊತ್ತಿತ್ತು. ನಾನೇ ಫೋನ್ ಮಾಡಿ ತಿಳಿಸಿದೆ. ಅವರಿಗೆ ಆವರೆಗೆ ಯಾರೂ ಹೇಳಿರಲಿಲ್ಲ.

ಉಗ್ರಾಣ:

ಸಣ್ಣ ಒಲೆ ಅವರೇ, ನೀವು ಮಾಡಿದ ಆ ಒಂದು ಕರೆ ಸರಪಳಿಯಲ್ಲಿ ತಾನಾಗಿ ನಡೆಯಬೇಕಾದ ಕೆಲಸ. ಲೆಕ್ಕ ಎಲ್ಲಿ ಹರಿದುಹೋಗುತ್ತದೆ ಎಂಬುದಕ್ಕೆ 2008ರ ಡಿಸೆಂಬರ್‌ನ ಐರ್ಲೆಂಡ್ ನೋಡಿ. ಪಿಸಿಬಿ ಇದ್ದ ಇಂಧನದ ಹೊಗೆಯಲ್ಲಿ ಒಣಗಿಸಿದ ಬ್ರೆಡ್ ಚೂರುಗಳ ಮೇವು ಹೋದದ್ದು ಹತ್ತರಷ್ಟು ಹಂದಿ ಸಾಕಣೆ ಕೇಂದ್ರಗಳಿಗೆ. ಆದರೆ ಮಾಂಸ ಸಂಸ್ಕರಣೆಯಲ್ಲಿ ಯಾವ ಹಂದಿ ಯಾವುದರೊಳಗೆ ಹೋಯಿತೆಂದು ಬಿಡಿಸಲಾಗಲಿಲ್ಲ. ಸೆಪ್ಟೆಂಬರ್ 1ರ ನಂತರದ ಇಡೀ ದೇಶದ ಹಂದಿಮಾಂಸ ಉತ್ಪನ್ನಗಳನ್ನು ವಾಪಸ್ ಪಡೆದರು. ತಕ್ಕಡಿ ಅವರಿಗೆ ನೋವಾಗುವ ಆ ವ್ಯರ್ಥದ ಬಹುಪಾಲು ಕಾನೂನಿನ ಬಿಗಿಯಿಂದ ಆದದ್ದಲ್ಲ, ಲೆಕ್ಕದ ಸಡಿಲಿನಿಂದ ಆದದ್ದು.

ಗಾಜಿನ ಕೊಳವೆ:

ದಾದಿ ಅವರು ಉತ್ತರ ಕೆರೊಲಿನಾ ಎಂದದ್ದಕ್ಕೆ ನೆನಪಾಯಿತು. 1990ರಲ್ಲಿ ಅದೇ ರಾಜ್ಯದ ಮೆಕ್ಲೆನ್‌ಬರ್ಗ್ ಕೌಂಟಿಯ ಪ್ರಯೋಗಾಲಯದಲ್ಲಿ ಶುದ್ಧ ನೀರೆಂದು ಪೆರಿಯೆ ಎಂಬ ಬ್ರ್ಯಾಂಡಿನ ಬಾಟಲಿ ನೀರನ್ನು ಬಳಸುತ್ತಿದ್ದರು. ಒಂದು ದಿನ ಅಳತೆಗಳು ಹೊಂದಲಿಲ್ಲ. ಉಪಕರಣ ಕೆಟ್ಟಿದೆಯೆಂದು ಹುಡುಕಿದರು, ಕೆಟ್ಟದ್ದು ನೀರು: ಅದರಲ್ಲಿ ಕ್ಯಾನ್ಸರ್ ತರಬಲ್ಲ ಬೆಂಜೀನ್ ಎಂಬ ರಾಸಾಯನಿಕ ಇತ್ತು. ಕಾಲಕ್ಕೆ ಸರಿಯಾಗಿ ಬದಲಿಸದ ಸೋಸುಕವೇ ಕಾರಣವೆಂದು ಆಮೇಲೆ ತಿಳಿಯಿತು. ಜಗತ್ತಿನಾದ್ಯಂತ 16 ಕೋಟಿ ಬಾಟಲಿಗಳು ವಾಪಸಾದವು. ಅಳತೆ ಹೊಂದದಿದ್ದಾಗ "ಏನೋ ಸಣ್ಣ ದೋಷ" ಎಂದು ಬಿಟ್ಟುಬಿಡದ ಆ ಸಹೋದ್ಯೋಗಿಗಳ ಬಗ್ಗೆ ನನಗೆ ಬಹಳ ಗೌರವವಿದೆ.

ಹೊಸ್ತಿಲು:

ಎಲ್ಲರ ಉತ್ತರಗಳನ್ನೂ ಎರಡೆರಡು ಸಲ ಓದಿದೆ. ಇಂದು ಕಂಪನಿಯ ಗ್ರಾಹಕ ಸಂಖ್ಯೆಗೆ ಮೂರನೆಯ ಸಲ ಕರೆ ಮಾಡಿದಾಗ ಒಬ್ಬ ಹೆಣ್ಣುಮಗಳು ಮಾತನಾಡಿದರು. ನಾನು ನಿಮ್ಮೆಲ್ಲರಿಂದ ಕಲಿತಂತೆ ನೇರವಾಗಿ ಕೇಳಿದೆ: ಪದಾರ್ಥ ಯಾವುದು, ರಾಸಾಯನಿಕ ಯಾವುದು, ಪೂರೈಕೆದಾರರ ಲಾಟ್ ಎಷ್ಟು. ಸ್ವಲ್ಪ ಹೊತ್ತು ಕಾಯಿಸಿ, ಎಳ್ಳು ಮತ್ತು ಎಥಿಲೀನ್ ಆಕ್ಸೈಡ್ ಎಂದರು. ಲಾಟ್ ಸಂಖ್ಯೆ ಹೇಳಲು ಅನುಮತಿ ಇಲ್ಲವಂತೆ.

ಕಪಾಟನ್ನೆಲ್ಲ ಇಳಿಸಿ ಪಟ್ಟಿ ಓದಿದೆ. ಎಳ್ಳಿರುವ ಇನ್ನೂ ಮೂರು ಪೊಟ್ಟಣಗಳು ಸಿಕ್ಕವು, ಮೂರೂ ಬೇರೆ ಕಂಪನಿಯವು. ಮೂರಕ್ಕೂ ಬರೆದಿದ್ದೇನೆ. ಡಬ್ಬಿಗೆ ಸುರಿದ ಪ್ರತಿಯೊಂದರ ಹೊದಿಕೆಯಿಂದ ಬ್ಯಾಚ್ ಸಂಖ್ಯೆಯ ತುಂಡನ್ನು ಕತ್ತರಿಸಿ ಮುಚ್ಚಳದ ಒಳಭಾಗಕ್ಕೆ ಅಂಟಿಸಿದೆ. ದಾದಿ ಅವರೇ, ಮಗಳಿಗೆ ರಕ್ತಪರೀಕ್ಷೆ ಮಾಡಿಸಬೇಕೇ?

ದಾದಿ:

ಇದಕ್ಕೆ ಬೇಡಮ್ಮ. ಸೀಸವಾಗಿದ್ದರೆ ಇಂದೇ ಮಾಡಿಸಿ ಎನ್ನುತ್ತಿದ್ದೆ, ಅದಕ್ಕೆ ರಕ್ತಪರೀಕ್ಷೆಯೂ ಇದೆ, ನಂತರ ಏನು ಮಾಡಬೇಕೆಂಬ ದಾರಿಯೂ ಇದೆ. ಬಿಸ್ಕತ್ತಿನ ಎಳ್ಳಿನಲ್ಲಿ ಬರುವ ಈ ಅನಿಲದ ಉಳಿಕೆಗೆ ಚಿಕಿತ್ಸೆಯನ್ನು ಬದಲಿಸುವಂತಹ ಪರೀಕ್ಷೆ ಇಲ್ಲ. ಇದರ ಲೆಕ್ಕವಿರುವುದು ವರ್ಷಗಟ್ಟಲೆ ತಿನ್ನುವುದರಲ್ಲಿ, ಕೆಲವು ಪೊಟ್ಟಣಗಳಲ್ಲಿ ಅಲ್ಲ. ಮನಸ್ಸಿಗೆ ಸಮಾಧಾನವಾಗದಿದ್ದರೆ ಮಗುವಿನ ವೈದ್ಯರೊಂದಿಗೆ ಒಮ್ಮೆ ಮಾತನಾಡಿ, ರಾಸಾಯನಿಕದ ಹೆಸರನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿ.

ಹೊಸ್ತಿಲು:

ತುಂಬಾ ಉಪಕಾರವಾಯಿತು ಅಕ್ಕ, ನಾಲ್ಕು ದಿನದ ಮೇಲೆ ಇಂದು ಸರಿಯಾಗಿ ಊಟ ಮಾಡಿದೆ. ಮೂರರಲ್ಲಿ ಒಂದು ಕಂಪನಿಯಿಂದ ಉತ್ತರ ಬಂದಿದೆ. ತಮ್ಮ ಎಳ್ಳು ಬೇರೆ ಪೂರೈಕೆದಾರರದ್ದು, ಎಥಿಲೀನ್ ಆಕ್ಸೈಡ್ ಪರೀಕ್ಷೆಯಾಗಿದೆ ಎಂದು ವರದಿಯ ಪ್ರತಿಯನ್ನೇ ಕಳುಹಿಸಿದ್ದಾರೆ. ಗಾಜಿನ ಕೊಳವೆ ಅವರೇ, ಅದರಲ್ಲಿ 2-ಕ್ಲೋರೋಎಥನಾಲ್‌ನ ಸಾಲು ಇಲ್ಲ. ಕೇಳಿ ಮತ್ತೆ ಬರೆಯಲೇ?

ಗಾಜಿನ ಕೊಳವೆ:

ಖಂಡಿತ ಬರೆಯಿರಿ. ಅನಿಲ ಹಾರಿಹೋಗಿರುತ್ತದೆ, ಉಳಿದಿರುವುದು ಆ ಸಾಲಿನಲ್ಲೇ ಸಿಗುವುದು.